ಹೊಳೆಮ್ಮ ಸತ್ತಿಲ್ಲವೆಂದು ಓಣಿಯೆಲ್ಲ ಸಾಕ್ಷಿ ಹೇಳಿದ್ದು

ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯ ಓಣಿಯಲ್ಲಿ ಒಂದು ಕಾಯಿದೆ ಇತ್ತು. ಕೈಯಲ್ಲಿ ಚೀಟಿ ಹಿಡಿದು ಹೆಸರು ಕೇಳುತ್ತ ಬಂದವರಿಗೆ ಯಾರೂ ಯಾರ ಹೆಸರನ್ನೂ ಹೇಳಬಾರದು. ಅದಕ್ಕೆ ಕಾರಣ ಲೈಟಿನ ಕಂಬದ ಮೇಲಿತ್ತು. ಪ್ರತಿ ಮನೆಗೂ ಮೀಟರು ಇತ್ತು, ಮೀಟರಿಗೆ ಗೊತ್ತಾಗದ ಹಾಗೆ ಕಂಬದ ತಂತಿಗೆ ಹಾಕಿದ ಹುಕ್ಕೂ ಇತ್ತು. ಕರೆಂಟ್ ಆಫೀಸಿನವರು ಓಣಿಯ ತುದಿಯಲ್ಲಿ ಕಂಡರೆ ಬೀಡಾ ಅಂಗಡಿಯ ಪಂಪಣ್ಣ "ಎಮ್ಮಿ ಬಂತು, ಎಮ್ಮಿ!" ಎಂದು ಕೂಗುತ್ತಿದ್ದ. ಅವರು ಒಳಗೆ ಬರುವಷ್ಟರಲ್ಲಿ ಹೆಂಗಸರು ಬಿದಿರು ಕೋಲು ಹಿಡಿದು ಹುಕ್ಕುಗಳನ್ನೆಲ್ಲ ಇಳಿಸಿರುತ್ತಿದ್ದರು.

ಓಣಿಯಲ್ಲಿ ಎಲ್ಲಕ್ಕಿಂತ ದಪ್ಪ ತಂತಿ ಹೊಳೆಮ್ಮನದು. ಮೆಟ್ರಿ ಹಳ್ಳಿಯಿಂದ ಬಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದಳು. ತೊಂಬತ್ತೆಂಟರ ಹೊತ್ತಿಗೆ ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ಬಂದು ಕೂತಿತು. ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಅದಕ್ಕೆ ಒಬ್ಬ ಒಡೆಯ ಅಂತಿಲ್ಲ. ಊರೂರಿನ ಜನ ಒಬ್ಬೊಬ್ಬರು ಒಂದೊಂದು ಪ್ಯಾಕೇಜನ್ನು, ಅಂದರೆ ಒಂದು ಪ್ರೋಗ್ರಾಮಿನ ಗಂಟನ್ನು, ವಹಿಸಿಕೊಂಡು ತಪ್ಪು ತಿದ್ದಿ, ಕಟ್ಟಿ, ಎಲ್ಲರಿಗೂ ಪುಕ್ಕಟೆ ಹಂಚುತ್ತಾರೆ. ಟೈಪಿಂಗ್ ಕಲಿಸುವ ಒಂದು ಪ್ಯಾಕೇಜನ್ನು ಯಾರೋ ನಡುನೀರಲ್ಲಿ ಕೈಬಿಟ್ಟಿದ್ದರು. ಹೊಳೆಮ್ಮ ಅದನ್ನು ಎತ್ತಿಕೊಂಡಳು. ಬೆಳಿಗ್ಗೆ ಹುಡುಗಿಯರಿಗೆ ಪಾಠ, ಮಧ್ಯಾಹ್ನ ಇದರ ಸೇವೆ. ದೂರು ಹೇಳುವವರು ಜರ್ಮನಿಯಲ್ಲೂ ಇದ್ದರು, ಬ್ರೆಜಿಲ್ಲಿನಲ್ಲೂ ಇದ್ದರು.

"ಊರ ಉಸಾಬರಿ ನಿನಗ್ಯಾಕ್ ಬೇಕವ್ವ?" ಎಂದು ಎದುರು ಮನೆಯ ಚೆನ್ನಬಸಮ್ಮ ಕೇಳುತ್ತಿದ್ದಳು.

"ನಮ್ಮಪ್ಪ ಮೆಟ್ರ್ಯಾಗ ಕಾಲುವಿ ತೂಬು ಕಾಯ್ತಿದ್ದ, ಅತ್ತಿ. ಪಗಾರಿಲ್ಲ, ಪಟ್ಟಿಲ್ಲ. ನೀರು ಬಂದ್ರ ಯಾರೂ ನೆನಸ್ತಿದ್ದಿಲ್ಲ, ನಿಂತ್ರ ಎಲ್ಲಾರೂ ಮನಿಗೆ ಬಂದು ಬೈತಿದ್ರು. ನಂದೂ ಅದ ಚಾಕ್ರಿ."

ಆದರೆ ಅವಳಿಗೆ ಒಂದು ಕೊರಗಿತ್ತು. ಅವಳು ಕಟ್ಟಿದ ಗಂಟನ್ನು ಇನ್ನೊಬ್ಬರ ಕೈಯಿಂದಲೇ ಕಳಿಸಬೇಕಿತ್ತು. ತನ್ನ ಹೆಸರಿನಲ್ಲೇ ಕಳಿಸಬೇಕಾದರೆ ಈ ಗಂಟು ಕಟ್ಟುವವರ ಬಳಗದಲ್ಲಿ ಆಗಲೇ ಇದ್ದವರೊಬ್ಬರು ಅವಳನ್ನು ಕಣ್ಣಾರೆ ಕಂಡು, ಫೋಟೋ ಇರುವ ಕಾರ್ಡು ನೋಡಿ, "ಹೌದು, ಇವಳೇ ಅವಳು" ಎನ್ನಬೇಕು. ಹೊಸಪೇಟೆಗೆ ಅಂಥವರು ಯಾರು ಬರುತ್ತಾರೆ?

ಬಂದ. ಬಳಗದಲ್ಲಿದ್ದ ಯೋಸ್ಟ್ ಎಂಬ ಡಚ್ಚರವನು ಹಂಪಿ ನೋಡಲು ಬಂದವನು, ಗುರುವಾರ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ, ಸಂಜೆ ರೈಲಿಗೆ ಹೋಗುತ್ತೇನೆ ಎಂದು ಬರೆದ. ಹೊಳೆಮ್ಮ ಓಣಿಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಮಂದಿ ನೆರೆದು ಜಾತ್ರೆ ಮಾಡುತ್ತಾರೆ ಎಂದು ಅವಳ ಲೆಕ್ಕ. ಗುರುವಾರ ಬೆಳಿಗ್ಗೆ ಬಾಳೆಹಣ್ಣು, ಮೈಸೂರು ಪಾಕು ತರಲು ಪೇಟೆಗೆ ಹೋದಳು. ಅಷ್ಟರಲ್ಲಿ ಅವನು ಬಂದೇ ಬಿಟ್ಟ. ಕೈಯಲ್ಲಿ ಚೀಟಿ, ಕೊರಳಲ್ಲಿ ಕ್ಯಾಮೆರಾ.

"ಎಮ್ಮಿ ಬಂತು! ಬಿಳೇ ಎಮ್ಮಿ!" ಎಂದ ಪಂಪಣ್ಣ.

ಹುಕ್ಕುಗಳು ದಡದಡ ಇಳಿದವು. ಕರೆಂಟಿಗೆ ಸಾಲ ಕೊಟ್ಟವರು ಫಾರಿನ್ನಿನವರು, ಈಗ ಅವರೇ ತಪಾಸಣೆಗೆ ಬಂದಿದ್ದಾರೆ ಎಂದು ನೆರೆಮನೆಯ ಉಜ್ಜಿನಪ್ಪ ಘೋಷಿಸಿದ. ಅಷ್ಟಕ್ಕೇ ಬಿಡದೆ ಇನ್‌ಸ್ಟಿಟ್ಯೂಟಿನ ಬೋರ್ಡು ಬಿಚ್ಚಿ ಅದರ ಮೇಲೆ ಕೂತುಬಿಟ್ಟ.

"ಹೊಳೆಮ್ಮ?" ಎಂದ ಯೋಸ್ಟ್.

"ನೋ ಹೊಳೆಮ್ಮ" ಎಂದ ಉಜ್ಜಿನಪ್ಪ.

ಅವನು ಚೀಟಿ ತೋರಿಸಿ ಮತ್ತೆ ಮತ್ತೆ ಕೇಳಿದ. ಇವನು ಹೋಗುವವನಲ್ಲ ಅನ್ನಿಸಿ ಚೆನ್ನಬಸಮ್ಮ ಕೇಸನ್ನೇ ಮುಗಿಸಿದಳು. ಆಕಾಶಕ್ಕೆ ಕೈ ತೋರಿಸಿ, "ಸತ್ತು ಮೂರು ವರ್ಷ ಆತಪ್ಪ" ಎಂದು ಸೆರಗಿನಿಂದ ಕಣ್ಣೂ ಒರೆಸಿಕೊಂಡಳು. ಯೋಸ್ಟ್ ಟೋಪಿ ತೆಗೆದು ತಲೆ ಬಾಗಿಸಿ ಹೊರಟುಹೋದ.

ಹಣ್ಣು ಹಿಡಿದು ಬಂದ ಹೊಳೆಮ್ಮನಿಗೆ ಓಣಿಯವರು ಮೀಸೆ ತಿರುವುತ್ತ ತಮ್ಮ ಪರಾಕ್ರಮ ಹೇಳಿದರು. ಅವಳು ಹಣ್ಣಿನ ಚೀಲವನ್ನು ಹೊಸ್ತಿಲ ಮೇಲೆ ಕುಕ್ಕಿದಳು.

"ನಾನು ನಾನೇ ಅಂತ ಹೇಳಾಕ ಬಂದಿದ್ದ ಒಬ್ಬೇ ಒಬ್ಬ ಮನುಷ್ಯಾನ ಮುಂದ ನನ್ನ ಕೊಂದುಬಿಟ್ರಲ್ಲ!"

ಅವಳ ಕಣ್ಣಲ್ಲಿ ನೀರು ಕಂಡಮೇಲೆ ಓಣಿಯವರೆಲ್ಲ ಚಪ್ಪಲಿ ಮೆಟ್ಟಿದರು. ಅವನನ್ನು ಹುಡುಕಿಕೊಂಡು ಹಂಪಿಗೆ ಹೋದರು, ಕಮಲಾಪುರದ ಬಸ್ ನಿಲ್ದಾಣ ನೋಡಿದರು. ಕಡೆಗೆ ಸಂಜೆ ಎರಡು ಆಟೋ ತುಂಬ ಜನ ಸ್ಟೇಷನ್ನಿಗೆ ನುಗ್ಗಿದರು. ಯೋಸ್ಟ್ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತಿದ್ದ.

ಹೊಳೆಮ್ಮ ಮತದಾರರ ಕಾರ್ಡು ಚಾಚಿದಳು. ಅದರಲ್ಲಿದ್ದ ಫೋಟೋ ಅವಳೂ ಆಗಬಹುದಿತ್ತು, ಉಜ್ಜಿನಪ್ಪನೂ ಆಗಬಹುದಿತ್ತು.

"ಹೊಳೆಮ್ಮ ತೀರಿಕೊಂಡಿದ್ದಾಳೆ ಎಂದು ಈ ತಾಯಿಯೇ ಹೇಳಿದರು" ಎಂದ ಯೋಸ್ಟ್ ಇಂಗ್ಲಿಷಿನಲ್ಲಿ.

"ಸುಳ್ಳು ಹೇಳೀನ್ರಿ! ಆಕಿ ಗಟ್ಟಿಮುಟ್ಟ ಅದಾಳ!" ಎಂದಳು ಚೆನ್ನಬಸಮ್ಮ. ಹೊಳೆಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

"ಬೆಳಿಗ್ಗೆ ಸುಳ್ಳು ಹೇಳಿದವರು ಈಗ ನಿಜ ಹೇಳುತ್ತಿದ್ದಾರೆಂದು ಹೇಗೆ ನಂಬಲಿ?"

ರೈಲಿನ ಸೀಟಿ ದೂರದಲ್ಲಿ ಕೇಳಿಸಿತು. ಹೊಳೆಮ್ಮನ ಪಿತ್ತ ನೆತ್ತಿಗೇರಿತು. "ನಂಬಬೇಡ! ನೀನು ಅಂಥವನೇ. ಎರಡು ಸ್ಪೇಸ್ ಹೊಡೆದರೆ ತಪ್ಪು ತೋರಿಸುತ್ತದೆ ಅಂತ ದೂರು ಕೊಟ್ಟೆ. ತಪ್ಪು ನಿನ್ನ ಹೆಬ್ಬೆರಳಿನದು, ಪ್ರೋಗ್ರಾಮಿನದಲ್ಲ ಅಂತ ನಾನು ಹೇಳಿದೆ. ನೀನು ಮತ್ತೆ ಅದನ್ನೇ ಬರೆದೆ. ಬೆರಳು ತಿದ್ದಿಕೋ, ಆಮೇಲೆ ಮಾತಾಡು ಅಂದಿದ್ದೆನೋ ಇಲ್ಲವೋ?"

ಯೋಸ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ದಿನ ಇಮೇಲಿನಲ್ಲಿ ತಿಂದ ಬೈಗುಳ ಅವನಿಗೆ ಧಾಟಿಯಿಂದಲೇ ಗುರುತು ಸಿಕ್ಕಿತು. ಕಾರ್ಡನ್ನು ಇನ್ನೊಮ್ಮೆ ನೋಡಿ, ಅವಳ ಮುಖ ನೋಡಿ, "ಹೌದು, ಇವಳೇ ಅವಳು" ಎಂದ. ಮೈಸೂರು ಪಾಕಿನ ಪೊಟ್ಟಣ ಹಿಡಿದು ರೈಲು ಹತ್ತಿದ.

ಅಂದಿನಿಂದ ಹೊಳೆಮ್ಮ ತನ್ನ ಗಂಟನ್ನು ತಾನೇ ಕಳಿಸತೊಡಗಿದಳು. ಓಣಿ ಮಾತ್ರ ಪಶ್ಚಾತ್ತಾಪದಲ್ಲಿ ಬೇಯುತ್ತಿತ್ತು. ಇನ್ನೊಮ್ಮೆ ಯಾರಾದರೂ ಹೊಳೆಮ್ಮನನ್ನು ಕೇಳಿಕೊಂಡು ಬಂದರೆ ಮರ್ಯಾದೆಯಿಂದ ಮನೆ ಮುಟ್ಟಿಸಬೇಕೆಂದು ಪಂಪಣ್ಣನ ಅಂಗಡಿ ಮುಂದೆ ಠರಾವಾಯಿತು.

ತಿಂಗಳೊಳಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಚೀಟಿ. "ಹೊಳೆಮ್ಮ ಅನ್ನೋರು ಇಲ್ಲೇ ಇರೋದಾ?" ಎಂದರು.

ಪಂಪಣ್ಣ ಎಮ್ಮೆಯ ಸುದ್ದಿಯನ್ನೇ ಎತ್ತಲಿಲ್ಲ. "ಇಲ್ಲೇ ಅದಾಳ, ಬರ್ರಿ ಸರ!" ಎಂದು ಮುಂದೆ ಮುಂದೆ ನಡೆದ. ಉಜ್ಜಿನಪ್ಪ ಓಡಿಹೋಗಿ ಬೋರ್ಡು ಒರೆಸಿದ. ಚೆನ್ನಬಸಮ್ಮ ಹೊಳೆಮ್ಮನ ರಟ್ಟೆ ಹಿಡಿದು ಹೊರಗೆ ಎಳೆತಂದು, "ಈಕೀನ ನೋಡ್ರಿ ಹೊಳೆಮ್ಮ! ಸತ್ತಿಲ್ಲ. ಓಣ್ಯಾಗಿನ ಮಂದೆಲ್ಲ ಸಾಕ್ಷಿ ಅದೀವಿ" ಎಂದಳು.

ಕರೆಂಟ್ ಆಫೀಸಿನ ಆ ಹೊಸ ಸಾಹೇಬರು ಕತ್ತೆತ್ತಿ ಕಂಬದಲ್ಲಿ ತೂಗುತ್ತಿದ್ದ ದಪ್ಪ ತಂತಿಯ ಫೋಟೋ ತೆಗೆದರು. ಆಮೇಲೆ ಸಾಕ್ಷಿಗಳ ಹೆಸರನ್ನೂ ಒಬ್ಬೊಬ್ಬರದಾಗಿ ಕೇಳತೊಡಗಿದರು.

ಹೊಳೆಮ್ಮ ಚೆನ್ನಬಸಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: "ಅತ್ತಿ, ಇವತ್ತ್ ಆಕಿ ಸತ್ತಾಳ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"