ಹುಸೇನ್ ಸಾಬರ ಮನೆಯ ಚಹಾ

ನೋಡ್ರಪ್ಪಾ, ಇವತ್ತು ಕೊಟ್ಟೂರಿನ ಒಂದು ಮೋಟಾರು ಶೆಡ್ಡಿನಲ್ಲಿ ನಾವು ಐದು ಜನ ಗಂಡಸರು ಐದು ಗ್ಲಾಸು ಚಹಾವನ್ನು ಹಾವು ನೋಡಿದ ಹಾಗೆ ನೋಡುತ್ತಾ ಕೂತಿದ್ದೆವು.

ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಾರೆಂದು ದವಾಖಾನೆಯ ಕಾಂಪೌಂಡರ್ ಹೇಳಿದ್ದ. ನನ್ನದು ಮೊದಲ ದಿನ. ಶೆಡ್ಡಿನ ಮೆಕ್ಯಾನಿಕ್ ಹುಸೇನ್ ಸಾಬರು ಕುಡಿತ ಬಿಟ್ಟು ನಾಲ್ಕು ವರ್ಷವಾಯಿತಂತೆ. ಬಿಟ್ಟವನು ಇಷ್ಟು ಖುಷಿಯಾಗಿರುತ್ತಾನೆಯೇ ಎಂಬುದೇ ನನ್ನ ಮೊದಲ ಅನುಮಾನ. ಎರಡನೆಯದು ಚಹಾ. ಅದು ಅವರ ಮನೆಯಿಂದ ಬಂದಿತ್ತು. ನಿನ್ನೆ ತಾನೇ ನನ್ನ ಹೆಂಡತಿ ಅವರ ಹೆಂಡತಿಯ ಜೊತೆ ನಲ್ಲಿಯ ಹತ್ತಿರ ಪಿಸುಗುಟ್ಟುತ್ತಿದ್ದಳು. ಕುಡಿತ ಬಿಡಿಸಲು ಗಂಡನಿಗೆ ಗೊತ್ತಾಗದಂತೆ ಮದ್ದು ಬೆರೆಸಿ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆ ಮದ್ದು ಹೊಟ್ಟೆಗೆ ಹೋದವನು ಕರುಳು ಕಿತ್ತು ಬರುವ ಹಾಗೆ ಕಾರಿಕೊಳ್ಳುತ್ತಾನೆ. ಉಳಿದ ನಾಲ್ವರ ಮುಖ ನೋಡಿದೆ. ಅವರಿಗೂ ಹೆಂಡತಿಯರಿದ್ದರು.

“ಮದ್ದು ಹಾಕ್ಯಾರಂತ ಹೆದರಾಕತ್ತೀರೇನ್ರಿ?” ಎಂದು ನಕ್ಕ ಸಾಬರು ಐದೂ ಗ್ಲಾಸಿನಿಂದ ಒಂದೊಂದು ಗುಟುಕು ತಮ್ಮ ಗ್ಲಾಸಿಗೆ ಬಗ್ಗಿಸಿಕೊಂಡು ಕುಡಿದರು. “ಈಗರ ಕುಡೀರಿ, ಆರಿ ಹೊಂಟೈತಿ.”

ಅವರು ಕಾರಿಕೊಳ್ಳುತ್ತಾರೇನೋ ಎಂದು ಇನ್ನೂ ಕಾಲು ತಾಸು ಕಾದು, ಆಮೇಲೆ ಕುಡಿದೆ.

ಮನೆಗೆ ಬಂದರೆ ಹೆಂಡತಿಯ ಮೊದಲ ಪ್ರಶ್ನೆ: “ಚಾ ಕುಡಿದ್ರೇನ್ರಿ?”

ಆಗಿನಿಂದ ಹೊಟ್ಟೆ ಹಿಡಿದುಕೊಂಡೇ ಕೂತಿದ್ದೇನೆ. ಹನ್ನೆರಡು ವರ್ಷ ಸಾರಾಯಿ ಅಂಗಡಿಯವನು ಗ್ಲಾಸಿಗೆ ಏನು ಬೆರೆಸಿದ್ದಾನೆಂದು ಒಮ್ಮೆಯೂ ಕೇಳಿದವನಲ್ಲ ನಾನು.