ಗೇರ್‌ಬಾಕ್ಸಿನ ಎಣ್ಣೆ, ನನ್ನದೊಂದು ಮಾತು

ಇವತ್ತು ಬೆಳಿಗ್ಗೆ ಶಿರಾದ ಮೆಕ್ಯಾನಿಕ್ ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಹೊಸ ಡಬ್ಬಿ ತೆರೆದಾಗ ಬಂದ ವಾಸನೆಗೆ ನಾನು ಆರೇಳು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಕ್ಲಚ್ ಇಲ್ಲದೆ ತಾನೇ ಗೇರ್ ಹಾಕಿಕೊಳ್ಳುವ ಕಾರುಗಳಿಗೆ ಹಾಕುವ ಈ ಎಣ್ಣೆ ಗುಲಾಬಿ ಶರಬತ್ತಿನಷ್ಟು ಕೆಂಪಗಿರುತ್ತದೆ. ವಾಸನೆ ಮಾತ್ರ ಯಾವ ಶರಬತ್ತಿಗೂ ಬೇಡ.

ನನ್ನ ಎಡಗಾಲು ಎರಡನೇ ವಯಸ್ಸಿನಲ್ಲೇ ಪೋಲಿಯೋದಿಂದ ಸೊರಗಿತು. ಕ್ಲಚ್ ಒತ್ತುವುದು ಎಡಗಾಲಿನ ಕೆಲಸವಾದ್ದರಿಂದ, ಗೌಡಗೆರೆಯ ಶಾಲೆಗೆ ಟೀಚರಾಗಿ ಸೇರಿದ ಮೇಲೂ ಎಷ್ಟೋ ವರ್ಷ ಅಣ್ಣನ ಸ್ಕೂಟರಿನ ಹಿಂದೆ ಕೂತೇ ಹೋಗಿಬಂದೆ. ಅಣ್ಣ ಒಳ್ಳೆಯವನು. ಆದರೆ ಒಳ್ಳೆಯವರ ಸ್ಕೂಟರೂ ಅವರಿಗೆ ಬಿಡುವಾದಾಗಲೇ ಹೊರಡುವುದು. ಸ್ಟಾಫ್ ರೂಮಿಗೆ ಬೀಗ ಬಿದ್ದ ಮೇಲೆ ಮೆಟ್ಟಿಲ ಮೇಲೆ ಕೂತು ಕಾದ ಸಂಜೆಗಳನ್ನು ನಾನಿನ್ನೂ ಕ್ಷಮಿಸಿಲ್ಲ. ಹಾಗಾಗಿ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡಾಗ ನನಗೆ ಸ್ವಲ್ಪ ಜಂಭವೇ ಬಂತು. ಏನೂ ಕೆಲಸವಿಲ್ಲದಿದ್ದರೂ ಬರಗೂರಿಗೆ ಹೋಗಿ, ಒಂದು ಟೀ ಕುಡಿದು ಬರುತ್ತಿದ್ದೆ.

ಅಂಥ ಕಾರು ಒಂದು ದಿನ ಜಗ್ಗತೊಡಗಿತು. ಹೊರಡುವ ಮುಂಚೆ ಯೋಚನೆ ಮಾಡುವುದು, ಗೇರ್ ಬದಲಾಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಾಗುವುದು. ಈ ಗೇರ್‌ಬಾಕ್ಸಿಗೆ ಜನ್ಮಕ್ಕೆಲ್ಲ ಒಂದೇ ಎಣ್ಣೆ, ಮುಟ್ಟಲೇಬಾರದು ಎಂದು ಅಣ್ಣ ಯಾರಿಂದಲೋ ಕೇಳಿಕೊಂಡು ಬಂದಿದ್ದ. ನಾನೂ ನಂಬಿದ್ದೆ. ಶೆಡ್ಡಿನ ಹಳೆಯ ಮೆಕ್ಯಾನಿಕ್, ಊರೆಲ್ಲ ಸಾಹೇಬರು ಎನ್ನುತ್ತಿದ್ದವರು, ಅಳತೆಯ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದರು. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ ಆಗಿತ್ತು, ಸೀದ ವಾಸನೆ ಬೇರೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಹೀಗೇ ಬಿಟ್ಟರೆ ಗೇರ್‌ಬಾಕ್ಸ್ ವರ್ಷದೊಳಗೆ ಕೂತುಹೋಗುತ್ತದೆ. ಬದಲಾಯಿಸಿದರೆ, ಹಳೆಯ ಎಣ್ಣೆಗೇ ಒಗ್ಗಿದ ಒಳಗಿನ ಪ್ಲೇಟುಗಳು ಹೊಸದರಲ್ಲಿ ಜಾರಿ ಇವತ್ತೇ ಕೈಕೊಟ್ಟರೂ ಕೊಡಬಹುದು. ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಇಳಿಸಿ ತುಂಬಿಸಿದರೆ ಆಸೆ ಉಂಟು ಎಂದರು. ಅಣ್ಣನನ್ನು ಕೇಳಿ ಹೇಳುತ್ತೇನೆ ಅಂದೆ. ಅವನು ಪಾವಗಡದ ಕಡೆ ಹೋಗಿದ್ದ, ಫೋನ್ ಸಿಗಲಿಲ್ಲ.

“ಗಾಡಿ ಓಡ್ಸೋರು ಯಾರು ಟೀಚರಮ್ಮ?”

“ನಾನೇ.”

“ಹಂಗಾದ್ರೆ ನೀವೇ ಹೇಳ್ಬೇಕು. ನೀವು ಹೇಳೋಗಂಟ ನಾನು ಎಣ್ಣೆ ಇಳ್ಸೋ ಬೋಲ್ಟ್ ಮುಟ್ಟಾಕಿಲ್ಲ. ಜಲ್ದಿ ಏನಿಲ್ಲ, ಚಾ ಕುಡೀರಿ.”

ಯಾವ ಡಾಕ್ಟರು, ಯಾವ ಕಾಲೇಜು, ಯಾವ ಬಣ್ಣದ ಸೀರೆ ಎಂಬುದನ್ನೆಲ್ಲ ನನ್ನ ಪರವಾಗಿ ಬೇರೆಯವರೇ ಪ್ರೀತಿಯಿಂದ ತೀರ್ಮಾನಿಸಿದ ಮನೆ ನಮ್ಮದು. ಚಹಾ ಆರಿಹೋಯಿತು. ಕೊನೆಗೆ ತೆಗೀರಿ ಅಂದೆ.

ಇಳಿದ ಎಣ್ಣೆಯನ್ನು ನೀರಿನ ಬಾಟಲಿಗಳಲ್ಲಿ ಅಳೆದು, ಅಷ್ಟೇ ಹೊಸದನ್ನು ಹೊಯ್ದು, ನನ್ನನ್ನೇ ಓಡಿಸಲು ಹೇಳಿ ಸಾಹೇಬರು ಪಕ್ಕದಲ್ಲಿ ಕೂತರು. ಮದಲೂರು ಕೆರೆಯವರೆಗೆ ಹೋಗಿ ಬರುವುದು, ಮತ್ತೆ ಇಳಿಸುವುದು. ಮೊದಲ ಸಲ ಎಂಜಿನ್ ಕೂಗಿಕೊಂಡಿತೇ ಹೊರತು ಚಕ್ರಕ್ಕೆ ಕೇಳಿಸಲಿಲ್ಲ. ಶಾಲೆಯ ಮೆಟ್ಟಿಲು ಕಣ್ಣೆದುರು ಬಂತು. ಮೂರನೇ ಸಲ ಗೇರ್ ಬಿದ್ದದ್ದೇ ತಿಳಿಯಲಿಲ್ಲ. ಸಾಹೇಬರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಗೇರ್‌ಬಾಕ್ಸಿನ ಸದ್ದು ಕೇಳುತ್ತಿದ್ದರೋ, ನನ್ನ ಡ್ರೈವಿಂಗಿಗೆ ಹೆದರಿ ಪ್ರಾರ್ಥನೆ ಮಾಡುತ್ತಿದ್ದರೋ ಗೊತ್ತಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಿಮ್ಮ ಮುಂದೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಸಂಜೆ ಅಣ್ಣ ಬಂದು, ಯಾರನ್ನು ಕೇಳಿ ಮುಟ್ಟಿಸಿದೆ ಎಂದು ಗದರಿದ. ಸಾಹೇಬರು ನನ್ನನ್ನು ಕೇಳದೆಯೇ ಬೋಲ್ಟ್ ತೆಗೆದುಬಿಟ್ಟರು ಎಂದುಬಿಟ್ಟೆ. ಮರುದಿನ ಅವನು ಶೆಡ್ಡಿಗೆ ಹೋಗಿ ಗಿರಾಕಿಗಳ ಎದುರೇ ರೇಗಾಡಿ ಬಂದ. ಸಾಹೇಬರು ಎದುರಾಡಲಿಲ್ಲವಂತೆ, ಗಾಡಿ ಚೆನ್ನಾಗಿ ಓಡುತ್ತಿದೆಯಾ ಎಂದಷ್ಟೇ ಕೇಳಿದರಂತೆ. ಆಮೇಲೆ ಎಷ್ಟೋ ಸಲ ಹೋದೆ. ಅವರೂ ಆ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ಶೆಡ್ಡು ಅವರ ಮಗನದು. ಇವತ್ತು ಮಧುಗಿರಿಯಲ್ಲಿರುವ ಅಣ್ಣನ ಮನೆಗೆ ಊಟಕ್ಕೆ ಹೋಗಬೇಕಿತ್ತು. ಎಣ್ಣೆ ಬದಲಾಯಿಸಿಕೊಂಡು ಬರುತ್ತೇನೆ, ತಡವಾಗುತ್ತದೆ ಎಂದು ಫೋನ್ ಮಾಡಿದೆ. ಅಣ್ಣನದು ಸ್ಪೀಕರ್ ಬೇಕಿಲ್ಲದ ಗಂಟಲು.

“ಅವ್ನಿಗೆ ಸರಿಯಾಗಿ ಹೇಳ್ಬುಡು ಕಣಮ್ಮ. ಅವರಪ್ಪನಂಗೆ ಕೇಳ್ದೆ ಬೋಲ್ಟ್ ತೆಗ್ದುಬುಟ್ಟಾನು.”

ಬೋಲ್ಟ್ ಬಿಚ್ಚುವ ಪಾನೆ ಹಿಡಿದು ನಿಂತಿದ್ದ ಸಾಹೇಬರ ಮಗ ತಲೆ ತಗ್ಗಿಸಿದ.

“ಅಣ್ಣ, ಅವರಪ್ಪ ಕೇಳಿದ್ರು. ತೆಗೀರಿ ಅಂದೋಳು ನಾನು. ನಿಂಗೆ ಹೆದ್ರಿ ಸುಳ್ಳು ಹೇಳ್ದೆ.”

ಊಟಕ್ಕೆ ಕಾಯುತ್ತಿರುತ್ತೇವೆ ಎಂದಷ್ಟೇ ಹೇಳಿ ಅಣ್ಣ ಫೋನ್ ಇಟ್ಟ.

ಆಗ ಮಗ ಒಂದು ವಿಷಯ ಹೇಳಿದ. ಅವತ್ತಿನ ಗಲಾಟೆಯಾದ ಮೇಲೆ ಅವರಪ್ಪ, ಕೆಲಸಕ್ಕೆ ಕೈಹಾಕುವ ಮುಂಚೆ ಪ್ರತಿ ಗಿರಾಕಿಯಿಂದಲೂ ಒಪ್ಪಿಗೆಯ ಚೀಟಿ ಬರೆಸಿಕೊಳ್ಳುತ್ತಿದ್ದರಂತೆ. ಬೇರೆಯವರು ಸಹಿ ಹಾಕುವುದನ್ನು ನಾನೂ ನೋಡಿದ್ದೆ, ಯಾವುದೋ ಹೊಸ ಕಾನೂನು ಇರಬೇಕು ಅಂದುಕೊಂಡಿದ್ದೆ. ನನ್ನಿಂದ ಮಾತ್ರ ಯಾಕೆ ಬರೆಸಿಕೊಳ್ಳಲಿಲ್ಲ ಎಂದು ಕೇಳಿದೆ.

“ನಿಮ್ಮ ತಾವ ಈಸ್ಕಬ್ಯಾಡ ಅಂತ ನಮ್ಮ ಅಬ್ಬಾನೇ ಅಂದಿದ್ರು. ಟೀಚರಮ್ಮ ಬಾಯಲ್ಲಿ ಹೇಳಿದ್ರೆ ಸಾಕು ಅಂತ.”

ಚೀಟಿಯ ಪುಸ್ತಕ ಕೊಡಪ್ಪ ಅಂದೆ. ಅಲ್ಲೇ ಸ್ಟೂಲಿನ ಮೇಲೆ ಕೂತು, ನಾನೇ ಹೇಳಿ ಬೋಲ್ಟ್ ತೆಗೆಸುತ್ತಿದ್ದೇನೆ ಎಂದು ಬರೆದು, ಕೆಳಗೆ ನನ್ನ ಹೆಸರನ್ನು ಪೂರ್ತಿ ಬರೆದೆ.