ಬಲಗೈ ಸಾಲು

ತಾತನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅಪ್ಪ ಅವನನ್ನು ಮಸ್ಕಿ ಕಡೆಯ ಹಳ್ಳಿಯಿಂದ ಸಿಂಧನೂರಿನ ನಮ್ಮ ಮನೆಗೆ ಕರೆತಂದ. ಬಟ್ಟೆಯ ಗಂಟು, ಔಷಧಿಯ ಚೀಲ ಬಂದವು. ಅವನು ಬಾರಿಸುತ್ತಿದ್ದ ಹಲಗೆ ಬರಲಿಲ್ಲ. ನಮ್ಮ ಮನೆಯವರು ಬೌದ್ಧರಾದ ವರ್ಷವೇ ಅಪ್ಪ ಅದನ್ನು ತಾತನಿಂದ ಬಿಡಿಸಿದ್ದ. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ ಆ ವಾದ್ಯದ ಹೆಸರನ್ನೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ನಾವೂ ಎತ್ತುತ್ತಿರಲಿಲ್ಲ.

ನಾನು ಆಗ ಒಳಕೋಣೆಯಲ್ಲಿ ಕೂತು ನನ್ನ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಯಾರಿಗೂ ಕೇಳಿಸಲು ಅಲ್ಲ. ತಾಳಕ್ಕೆಂದು ಪುಕ್ಕಟೆ ಸಿಗುವ ಡ್ರಮ್ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡಿದ್ದೆ. ತೆರೆದರೆ ಒಂದರ ಕೆಳಗೊಂದು ಸಾಲು, ಸಾಲಿಗೆ ಹದಿನಾರು ಚೌಕ. ಚೌಕ ಒತ್ತಿದಲ್ಲಿ ಪೆಟ್ಟು ಬೀಳುತ್ತದೆ, ಹದಿನಾರು ಮುಗಿದರೆ ಮತ್ತೆ ಮೊದಲಿನಿಂದ. ಯಾವ್ಯಾವುದೋ ದೇಶದ ಚರ್ಮವಾದ್ಯಗಳ ದನಿ ಅದರಲ್ಲಿತ್ತು. ಹಲಗೆಯದು ಇರಲಿಲ್ಲ.

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದ ತಾತ ಒಂದು ಮಧ್ಯಾಹ್ನ ತೊದಲುತ್ತ ಕೇಳಿದ: "ಮೊದಲ ಕಾಸಿದಿಯೇನು ಅದನ್ನ?"

ಬೆಂಕಿಗೆ ಹಿಡಿದು ಕಾಸದೆ ಹಲಗೆ ಬಾರಿಸುವುದಿಲ್ಲ. ನಾನು ಅವನ ಎಡಗೈಯನ್ನು ಲ್ಯಾಪ್‌ಟಾಪಿನ ತಳಕ್ಕೆ ಮುಟ್ಟಿಸಿದೆ. ಬಿಸಿಯಿತ್ತು.

"ಹಂಗಾದ್ರ ಬಡಿ ಬೇ," ಎಂದ. "ಮದುವಿ ಹೊಡತ ಹಾಕು ಅದರಾಗ. ಅದು ಬರೋನು ನಾ ಒಬ್ಬನ ಉಳದೀನಿ. ನಾ ಹೋದ್ರ ಅದೂ ಹೋಗತೈತಿ."

ಹಲಗೆಗೆ ಎರಡು ಕೋಲು. ಎಡಗೈಯಲ್ಲಿ ಉದ್ದನೆಯ ಸಣ್ಣ ಕಡ್ಡಿ, ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು. ತಾತನ ಎಡಗೈಗೆ ಕಸಬರಿಗೆಯ ಕಡ್ಡಿ ಕೊಟ್ಟು ಮುಂದೆ ತಟ್ಟೆ ಇಟ್ಟೆ. ಅವನು ಬಡಿದದ್ದನ್ನು ಎಣಿಸಿ ಒಂದು ಸಾಲು ತುಂಬಿದೆ. ಬಲಗೈ ಸಾಲು ಖಾಲಿ ಉಳಿಯಿತು. ಅದನ್ನೂ ಎಡಗೈಯಲ್ಲೇ ಬಡಿದು ತೋರಿಸು ಎಂದರೆ, ಕೈ ತನ್ನ ಪಾಲಿನದನ್ನೇ ಬಡಿಯುತ್ತಿತ್ತು. ಬಾಯಲ್ಲಿ ಹೇಳು ಎಂದೆ.

"ಅದು ಕೈಗೆ ಗೊತ್ತೈತಿ. ಬಾಯಿಗಲ್ಲ."

ಹಾಗಾಗಿ ಊಹೆಯ ಮೇಲೆ ಒತ್ತುತ್ತ ಹೋದೆ. ಹಲವು ದಿನ. ತಾತ ಹೆಡ್‌ಫೋನಿನಲ್ಲಿ ಕೇಳಿ ತಲೆಯಾಡಿಸುತ್ತಿದ್ದ: ಅಲ್ಲ. ಒಂದು ಭಾನುವಾರ ಅವನಿಗೆ ಕಿವಿ ನೋಯುತ್ತದೆಂದು ಸ್ಪೀಕರಿನಲ್ಲೇ ಹಾಕಿದೆ. ಎರಡನೇ ಸುತ್ತಿಗೆ ತಾತ ಮುಖ ಗೋಡೆಗೆ ತಿರುಗಿಸಿದ. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಎದ್ದು ಬಂದ.

"ಅದು ಹೆಣದ ಮುಂದ ಬಡಿಯೋದು. ಅಳಸು."

ಅಪ್ಪನಿಗೆ ಹೊಡತಗಳ ಗುರುತಿದೆಯೆಂದು ನನಗೆ ಆವತ್ತೇ ತಿಳಿದದ್ದು. "ಹಂಗಾದ್ರ ಮದುವಿದು ನೀನ ಹೇಳಪ್ಪಾ," ಎಂದೆ. "ಎಡಗೈದು ತಾತ ಹಾಕ್ಯಾನ. ಬಲಗೈದು ಅಷ್ಟ ಬೇಕು."

"ನನಗ ಬರಂಗಿಲ್ಲ."

"ಇದು ಗುರುತ ಹಿಡಿದಿ. ಅದು ಹ್ಯಾಂಗ ಬರಂಗಿಲ್ಲ?"

ಅಪ್ಪ ನನಗಲ್ಲ, ತಾತನ ಬೆನ್ನಿಗೆ ಉತ್ತರ ಕೊಟ್ಟ. "ಮದುವಿಗೆ ದೊಡ್ಡೋರು ಹೋಗತಿದ್ರು. ಅಲ್ಲಿ ಊಟ ಇರತಿತ್ತು. ಯಾರರ ಸತ್ರ ಸಾಲಿ ಬಿಡಿಸಿ ನನ್ನ ಎಳಕೊಂಡು ಹೋಗತಿದ್ದ. ಕೇಳು, ಇಲ್ಲೇ ಕುಂತಾನ."

ತಾತ ತಿರುಗಲಿಲ್ಲ. "ಮಂದಿ ಕಡಿಮಿ ಬೀಳತಿದ್ರು," ಎಂದ.

"ಹೂಂ. ಬೀಳತಿದ್ರು," ಎಂದು ಅಪ್ಪ ಪೇಪರಿಗೆ ಹಿಂತಿರುಗಿದ.

ಮರುದಿನ ಕಡ್ಡಿ ಕೊಟ್ಟರೆ ತಾತ ತೆಗೆದುಕೊಳ್ಳಲಿಲ್ಲ. ಕುರ್ಚಿಯನ್ನು ಹಿತ್ತಲ ಕಡೆ ಹಾಕಿಸಿಕೊಂಡ. ಭತ್ತದ ಕೊಯ್ಲಿಗೆ ಮೊದಲೇ ತೀರಿಕೊಂಡ. ಬುದ್ಧ ವಂದನೆ ಹೇಳಿ ಮಣ್ಣು ಮಾಡಿದೆವು. ಹಳ್ಳಿಯಿಂದ ಬಂದ ಮುದುಕನೊಬ್ಬ ಅಪ್ಪನನ್ನು ಕೇಳಿದ: "ಊರಿಗೆಲ್ಲ ಬಡದೋನು. ಅವನಿಗೆ ಒಂದು ಹಲಗಿ ಇಲ್ಲೇನಪ್ಪಾ?"

"ಇಲ್ಲರೀ," ಎಂದ ಅಪ್ಪ. ಮುದುಕ ಚಹಾ ಕುಡಿಯದೆ ಬಸ್ಸು ಹತ್ತಿದ.

ತಿಂಗಳ ಮೇಲೆ, ಊಟ ಮಾಡುತ್ತಿದ್ದಾಗ, ಅಪ್ಪ ಒಮ್ಮೆ ಕೇಳಿದ: "ಅದನ್ನ ಅಳಸಿದೇನು?"

"ಅಳಸೀನಿ," ಎಂದೆ. ಸುಳ್ಳಲ್ಲ. ಬಲಗೈ ಸಾಲಿನ ಹದಿನಾರೂ ಚೌಕ ಖಾಲಿ ಇವೆ. ಎಡಗೈ ಸಾಲಿನ ಮಾತು ಅವನು ಎತ್ತಲಿಲ್ಲ, ನಾನೂ ಹೇಳಲಿಲ್ಲ. ಹಾಕಿದರೆ ಸಣ್ಣ ಕಡ್ಡಿಯೊಂದೇ ಬಡಿಯುತ್ತ ಹೋಗುತ್ತದೆ. ಮದುವೆಯದೋ ಹೆಣದ್ದೋ, ಅದರಿಂದ ಗೊತ್ತಾಗುವುದಿಲ್ಲ.